ಸೆಕೆಂಡ್ ಗೇರಿಗೆ ಸ್ವಲ್ಪ ತಡ್ಕೋಬೇಕು

ಮೊನ್ನೆ ಹಳೇ ಸ್ನೇಹಿತರು ಒಂದಷ್ಟು ಜನ ಸೇರಿದ್ವಿ, ಮಾತು ಎಲ್ಲೆಲ್ಲೋ ಸುತ್ತಾಡಿ ಕೊನೆಗೆ ಮೊದಲನೇ ಕಾರಿನ ಹತ್ರ ಬಂದು ನಿಂತ್ಕೊಂಡ್ತು. ಒಬ್ಬನ ಕಾರಲ್ಲಿ ಡ್ರೈವರ್ ಡೋರ್ ಒಳಗಿಂದ ತೆಗಿಯೋಕೇ ಬರ್ತಿರ್ಲಿಲ್ವಂತೆ, ಗ್ಲಾಸ್ ಇಳಿಸಿ ಕೈ ಆಚೆ ಹಾಕಿ ಹೊರಗಿನ ಹಿಡಿ ಎಳೀಬೇಕಿತ್ತಂತೆ, ಮಳೆ ಬಂದ್ರೆ ಇಳಿಯೋಷ್ಟರಲ್ಲಿ ಅರ್ಧ ಸ್ನಾನ. ಇನ್ನೊಬ್ಬಳ ಕಾರಿನ ವೈಪರ್ ಮೋಟಾರ್ ಸತ್ತೋಗಿ, ವೈಪರ್‌ಗೆ ಎರಡು ಹಗ್ಗ ಕಟ್ಟಿ ಎರಡೂ ಕಿಟಕಿಯಿಂದ ಒಳಗೆ ತಂದು, ಇವಳು ಒಂದು ಕಡೆ ಎಳೆದ್ರೆ ತಮ್ಮ ಇನ್ನೊಂದು ಕಡೆ ಎಳೀತಿದ್ನಂತೆ, ಮಜ್ಜಿಗೆ ಕಡೆಯೋ ಹಾಗೆ. ಮೂರನೆಯವನ ಕಾರಲ್ಲಿ ಕಾಲಡಿ ತುಕ್ಕು ತಿಂದು ತೂತಾಗಿ ರೋಡ್ ಓಡೋದು ಕಾಣ್ತಿತ್ತಂತೆ, ಅದನ್ನ ನೋಡ್ಕೊಂಡೇ ಸ್ಪೀಡ್ ಅಂದಾಜು ಮಾಡ್ತಿದ್ದೆ ಅಂತ ಬೇರೆ ಬಿಟ್ಟ, ಅದು ಸುಳ್ಳು ಅಂತ ನಮಗೆಲ್ಲ ಗೊತ್ತಿತ್ತು, ಆದ್ರೂ ಯಾರೂ ತಡೀಲಿಲ್ಲ.

ರಾತ್ರಿ ಮನೆಗೆ ಬರ್ತಾ ಯೋಚನೆ ಮಾಡಿದೆ. ಎರಡು ಗಂಟೆ ಮಾತಾಡಿದ್ವಲ್ಲ, ಒಬ್ರಾದ್ರೂ ನನ್ನ ಮೊದಲನೇ ಕಾರು ಚೆನ್ನಾಗಿ ಎಳೀತಿತ್ತು, ಬ್ರೇಕ್ ಚೆನ್ನಾಗಿತ್ತು ಅಂದ್ರಾ? ಇಲ್ಲ. ಎಲ್ಲರೂ ಹೇಳಿದ್ದು ಬರೀ ಊನಗಳನ್ನೇ. ಅದೂ ಬೈಕೊಂಡು ಅಲ್ಲ, ನಮ್ಮನೆ ಅಜ್ಜ ಹೀಗೆ ಗೊರಕೆ ಹೊಡೀತಿದ್ರು ಅಂತ ಹೇಳ್ತೀವಲ್ಲ, ಹಾಗೆ. ಆ ಡೋರ್ ತೆಗಿಯದ ಕಾರಿನವನು ಈಗ ಇಟ್ಕೊಂಡಿರೋದು ಒಳ್ಳೇ ಹೊಸ ಗಾಡಿ, ಆದ್ರೆ ನಾನು ಅವನ ಪಕ್ಕ ಕೂತು ನೋಡಿದೀನಿ, ಇಳಿಯೋ ಮುಂಚೆ ಅವನ ಕೈ ಒಂದು ಕ್ಷಣ ಗ್ಲಾಸ್ ಇಳಿಸೋ ಬಟನ್ ಕಡೆ ಹೋಗಿ ವಾಪಸ್ ಬರುತ್ತೆ. ಅವನಿಗೇ ಅದು ಗೊತ್ತಿಲ್ಲ.

ನಂದೂ ಅದೇ ಕತೆ ಅನ್ನಿ.

ನನ್ನ ಮೊದಲನೇ ಕಾರು ನಂದಲ್ಲ, ಮಾವಂದು. ಬಿಳಿ ಬಣ್ಣ, ಅಂದ್ರೆ ಒಂದು ಕಾಲದಲ್ಲಿ ಬಿಳಿ, ನಾಲ್ಕೇ ಗೇರು, ಎಸಿ ಇಲ್ಲ, ಪವರ್ ಸ್ಟೇರಿಂಗ್ ಇಲ್ಲ, ಡ್ಯಾಶ್‌ಬೋರ್ಡ್ ಕೆಳಗೆ ಚೋಕ್ ಎಳೆಯೋ ಒಂದು ಕರೀ ಗುಂಡಿ. ಅವರು ಹೊಸದು ತಗೊಂಡಾಗ ಇದನ್ನ ನಂಗೆ ದಾಟಿಸಿದ್ರು, ದಾಟಿಸೋ ಮುಂಚೆ ಕಲಿಸ್ತೀನಿ ಅಂದ್ರು. ಕಾರ್ಬುರೇಟರ್ ಗಾಡಿ ಓಡಿಸಿದವರಿಗೆ ಗೊತ್ತಿರುತ್ತೆ, ಬೆಳಿಗ್ಗೆ ಇಂಜಿನ್ ತಣ್ಣಗಿದ್ದಾಗ ಪೆಟ್ರೋಲ್ ಸರಿಯಾಗಿ ಆವಿ ಆಗಲ್ಲ, ಅದಕ್ಕೆ ಗಾಳಿ ಕಮ್ಮಿ ಮಾಡಿ ಪೆಟ್ರೋಲ್ ಪಾಲು ಜಾಸ್ತಿ ಮಾಡ್ಬೇಕು, ಚೋಕ್ ಮಾಡೋದು ಅಷ್ಟೇ, ಗಾಳಿಯ ಕತ್ತು ಹಿಸುಕೋದು. ಕಮ್ಮಿ ಎಳೆದ್ರೆ ಸ್ಟಾರ್ಟ್ ಆಗಲ್ಲ, ಜಾಸ್ತಿ ಹೊತ್ತು ಎಳ್ಕೊಂಡು ಸೆಲ್ಫ್ ಹೊಡೀತಾ ಕೂತ್ರೆ ಪ್ಲಗ್ ಎಲ್ಲ ನೆಂದು ಪೆಟ್ರೋಲ್ ವಾಸನೆ ಮೂಗಿಗೆ ಹೊಡೆಯುತ್ತೆ, ಆಮೇಲೆ ದೇವರು ಬಂದ್ರೂ ಹತ್ತು ನಿಮಿಷ ಕಾಯ್ಲೇಬೇಕು. ನಮ್ಮ ಗಾಡಿಗೆ ಮುಕ್ಕಾಲು ಎಳೀಬೇಕು, ಎರಡು ಸಲ ಆಕ್ಸಿಲೇಟರ್ ತುಳೀಬೇಕು, ಒಂದು ಸಲ ಸೆಲ್ಫ್, ಹತ್ಕೊಂಡ ತಕ್ಷಣ ಚೋಕ್ ಅರ್ಧಕ್ಕೆ ತಳ್ಳಬೇಕು, ಗಾಡಿ ಎರಡು ತಿರುವು ದಾಟಿದ ಮೇಲೆ ಪೂರ್ತಿ ಒಳಗೆ. ಇದು ಯಾವ ಮ್ಯಾನುಯಲ್‌ನಲ್ಲೂ ಇರ್ಲಿಲ್ಲ, ಮಾವ ಬಾಯಲ್ಲಿ ಹೇಳಿದ್ದು.

ಮೊದಲನೇ ದಿನ ಮಾವ ಇಂಜಿನ್ ಸ್ಟಾರ್ಟೇ ಮಾಡಿಸ್ಲಿಲ್ಲ. ಸುಮ್ನೆ ಕೂತ್ಕೋ, ಕ್ಲಚ್ ಒತ್ತು, ಗೇರ್ ಹಾಕು, ಬಿಡು, ಕಣ್ಣು ಮುಚ್ಕೊಂಡು ಹಾಕು, ಕೆಳಗೆ ನೋಡ್ಬೇಡ ಅಂತ ಒಂದು ಗಂಟೆ ಅದನ್ನೇ ಮಾಡಿಸಿದ್ರು. ನಂಗೆ ಅವಮಾನ ಆದಂಗಾಯ್ತು, ಪಕ್ಕದ ಮನೆ ಹುಡುಗರು ಕಾಂಪೌಂಡ್ ಮೇಲೆ ಕೂತು ನೋಡ್ತಿದ್ರು. ಎರಡನೇ ದಿನ ಸ್ಟಾರ್ಟ್ ಮಾಡಿಸಿದ್ರು, ಆದ್ರೆ ಬಲಗಾಲು ನೆಲದ ಮೇಲೇ ಇರ್ಲಿ ಅಂದ್ರು. ಆಕ್ಸಿಲೇಟರ್ ಮುಟ್ಟಂಗಿಲ್ಲ. ಬರೀ ಕ್ಲಚ್ ಬಿಟ್ಕೊಂಡೇ ಗಾಡಿ ಮುಂದೆ ಹೋಗ್ಬೇಕು, ಸಮತಟ್ಟು ನೆಲ, ಖಾಲಿ ಮೈದಾನ.

ಇಲ್ಲಿ ಸ್ವಲ್ಪ ನಿಧಾನ ಮಾಡ್ತೀನಿ, ಯಾಕಂದ್ರೆ ಡ್ರೈವಿಂಗ್ ಕಲಿತೋರು ಯಾರೂ ಮರೆಯದ ಜಾಗ ಇದು, ಹಾಫ್ ಕ್ಲಚ್. ಪೆಡಲ್ ಪೂರ್ತಿ ಒತ್ತಿರೋವಾಗ ಇಂಜಿನ್ ತನ್ನ ಪಾಡಿಗೆ ಗುರ್ ಅಂತಿರುತ್ತೆ, ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ನಿಧಾನಕ್ಕೆ ಬಿಡ್ತಾ ಬಂದ್ರೆ ಒಂದಿಷ್ಟು ದೂರ ಏನೂ ಆಗಲ್ಲ, ಕಾಲು ಸುಮ್ನೆ ಮೇಲೆ ಬರ್ತಿರುತ್ತೆ, ಆಮೇಲೆ ಒಂದು ಕಡೆ ಇಂಜಿನ್ ದನಿ ಅರ್ಧ ಸ್ವರ ಇಳಿಯುತ್ತೆ, ಸ್ಟೇರಿಂಗ್‌ನಲ್ಲಿ ಸಣ್ಣ ನಡುಕ ಬರುತ್ತೆ, ಬಾನೆಟ್ ಒಂಚೂರು ಮೂಗು ಎತ್ತಿದಂಗಾಗುತ್ತೆ. ಅಲ್ಲಿ ಒಳಗೆ ಆಗ್ತಿರೋದು ಇಷ್ಟೇ, ಇಂಜಿನ್ ಜೊತೆ ಸುತ್ತುತ್ತಿರೋ ಫ್ಲೈವೀಲ್ ಅನ್ನೋ ಭಾರದ ಚಕ್ರಕ್ಕೆ, ಗೇರ್‌ಬಾಕ್ಸ್ ಕಡೆ ನಿಂತಿರೋ ಕ್ಲಚ್ ಪ್ಲೇಟ್ ಸವರ್ಕೊಂಡು ಮುಟ್ಟುತ್ತೆ, ಉಜ್ಜುತ್ತೆ, ಇನ್ನೂ ಪೂರ್ತಿ ಹಿಡ್ಕೊಂಡಿಲ್ಲ. ಆ ಜಾಗದಲ್ಲಿ ಕಾಲನ್ನ ನಿಲ್ಲಿಸ್ಬೇಕು. ಎಷ್ಟು ಹೊತ್ತು? ಗಾಡಿ ಹೊರಡೋವರೆಗೆ. ಎಲ್ಲಿ? ಅದು ಹೇಳೋಕಾಗಲ್ಲ. ನಾನು ಆ ಸಾಯಂಕಾಲ ಎಷ್ಟು ಸಲ ಆಫ್ ಮಾಡಿದೆನೋ ಲೆಕ್ಕ ಇಲ್ಲ, ಪ್ರತಿ ಸಲ ಗಾಡಿ ಕಪ್ಪೆ ಥರ ಒಂದು ಹಾರು ಹಾರಿ ಸತ್ತೋಗ್ತಿತ್ತು, ಮಾವನ ತಲೆ ಮುಂದಕ್ಕೆ ಹೋಗಿ ಹಿಂದಕ್ಕೆ ಬರ್ತಿತ್ತು, ಅವರು ಏನೂ ಅನ್ನದೆ ಕೈಯಲ್ಲಿ ಮತ್ತೆ ಅನ್ನೋ ಸನ್ನೆ ಮಾಡ್ತಿದ್ರು. ಕತ್ತಲಾಗೋ ಹೊತ್ತಿಗೆ ಒಂದು ಸಲ ಗಾಡಿ ಸದ್ದಿಲ್ಲದೆ ಹೊರಟೇಬಿಡ್ತು. ನಾನು ಮಾಡಿದ್ದು ಅಂತ ನಂಗೇ ಅನ್ನಿಸ್ಲಿಲ್ಲ, ಇಳಿಜಾರಿರ್ಬೇಕು ಅನ್ಕೊಂಡೆ.

ಮಾವ ಪದೇ ಪದೇ ಹೇಳ್ತಿದ್ದಿದ್ದು ಎರಡೇ ಮಾತು. ಒಂದು, ಕಿವಿ ಕೊಡು. ಮೀಟರ್ ನೋಡ್ಬೇಡ, ಗೇರ್ ಯಾವಾಗ ಬದಲಾಯಿಸ್ಬೇಕು ಅಂತ ಇಂಜಿನ್ನೇ ಹೇಳುತ್ತೆ, ಅದು ಕಿರುಚಿದ್ರೆ ಮೇಲಿನ ಗೇರು, ಕೆಮ್ಮಿದ್ರೆ ಕೆಳಗಿನ ಗೇರು. ಇನ್ನೊಂದು ಮಾತು ಸೆಕೆಂಡ್ ಗೇರಿನದು. ಆ ಗಾಡಿಯ ಸೆಕೆಂಡ್ ಗೇರು ಸವೆದಿತ್ತು, ಫಸ್ಟಿಂದ ನೇರ ಎಳೆದ್ರೆ ಕರ್ರ್ ಅಂತ ಹಲ್ಲು ಕಡಿಯೋ ಸದ್ದು, ನಿಮ್ಮ ಹಲ್ಲೇ ಜುಮ್ ಅನ್ನುತ್ತೆ. ಅದಕ್ಕೆ ಮಾವನ ಮದ್ದು, ನ್ಯೂಟ್ರಲ್‌ನಲ್ಲಿ ಒಂದು ಉಸಿರು ತಗೋ, ಆಮೇಲೆ ಹಾಕು. ಅಷ್ಟೇ. ಉಸಿರು ತಗೊಂಡು ಹಾಕಿದ್ರೆ ಬೆಣ್ಣೆ ಥರ ಬೀಳ್ತಿತ್ತು. ಯಾಕೆ ಅಂತ ಅವರಿಗೂ ಗೊತ್ತಿತ್ತೋ ಇಲ್ವೋ, ನಂಗೆ ಎಷ್ಟೋ ವರ್ಷ ಆದ್ಮೇಲೆ ಓದಿ ಗೊತ್ತಾಯ್ತು. ಮೇಲಿನ ಗೇರಿಗೆ ಹೋಗೋವಾಗ ಗೇರ್‌ಬಾಕ್ಸ್ ಒಳಗಿನ ಶಾಫ್ಟ್ ಸ್ವಲ್ಪ ನಿಧಾನ ಆಗ್ಬೇಕು, ಆವಾಗ್ಲೇ ಎರಡೂ ಕಡೆ ವೇಗ ಸರಿ ಹೋಗೋದು. ಆ ವೇಗ ಹೊಂದಿಸೋಕೆ ಒಳಗೆ ಸಿಂಕ್ರೋಮೆಶ್ ಅಂತ ಒಂದು ವ್ಯವಸ್ಥೆ ಇರುತ್ತೆ, ಸಣ್ಣ ಬಳೆಗಳು, ಹಲ್ಲು ಕೂಡೋ ಮುಂಚೆ ಉಜ್ಜಿ ವೇಗ ಸಮ ಮಾಡೋದು ಅವುಗಳ ಕೆಲಸ. ನಮ್ಮ ಗಾಡೀಲಿ ಆ ಬಳೆ ಸವೆದಿತ್ತು, ಅದು ಮಾಡ್ಬೇಕಾದ ಕೆಲಸನ ನಾನು ಉಸಿರು ತಗೊಂಡು ಮಾಡ್ತಿದ್ದೆ. ಇದು ಗೊತ್ತಾದಾಗ ಮಾವನ ಮೇಲೆ ಗೌರವ ಇನ್ನೂ ಜಾಸ್ತಿ ಆಯ್ತು.

1928ರಲ್ಲಿ ಕ್ಯಾಡಿಲಾಕ್ ಕಾರಿಗೆ ಸಿಂಕ್ರೋಮೆಶ್ ಬರೋ ತನಕ ಹೆಚ್ಚುಕಮ್ಮಿ ಎಲ್ಲಾ ಡ್ರೈವರ್‌ಗಳೂ ಇದೇ ಪಾಡು ಪಡ್ತಿದ್ರು. ಗೇರ್ ಇಳಿಸೋವಾಗ ಕ್ಲಚ್ ಒತ್ತಿ ನ್ಯೂಟ್ರಲ್, ಕ್ಲಚ್ ಬಿಟ್ಟು ಆಕ್ಸಿಲೇಟರ್ ಒಂದು ಒದೆ, ಮತ್ತೆ ಕ್ಲಚ್ ಒತ್ತಿ ಗೇರು, ಡಬಲ್ ಕ್ಲಚ್ ಅಂತಾರಲ್ಲ ಅದು, ಎಷ್ಟು ಒದೀಬೇಕು ಅನ್ನೋದು ಕಿವಿ ಲೆಕ್ಕ. ಅದಾದ ಮೇಲೂ ಸುಮಾರು ಕಾರುಗಳಲ್ಲಿ ಫಸ್ಟ್ ಗೇರಿಗೆ ಮಾತ್ರ ದಶಕಗಳ ಕಾಲ ಆ ಭಾಗ್ಯ ಇರ್ಲಿಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಫಸ್ಟ್.

ಇನ್ನೂ ಹಿಂದೆ ಹೋದ್ರೆ ಬೇರೇನೇ ಲೋಕ. 1908ರಿಂದ 1927ರವರೆಗೆ ಒಂದೂವರೆ ಕೋಟಿ ತಯಾರಾದ ಫೋರ್ಡ್ ಮಾಡೆಲ್ ಟೀ ಇತ್ತಲ್ಲ, ಎಷ್ಟೋ ಮನೆಗಳ ಮೊಟ್ಟಮೊದಲ ಕಾರು ಅದು, ಅದರಲ್ಲಿ ಕಾಲಡಿ ಮೂರು ಪೆಡಲ್ ಇತ್ತು ಅಂತ ಖುಷಿಪಡಬೇಡಿ. ಎಡಗಡೇದು ಪೂರ್ತಿ ಒತ್ತಿದ್ರೆ ಲೋ ಗೇರ್, ಪೂರ್ತಿ ಬಿಟ್ರೆ ಹೈ ಗೇರ್, ನಡುವೆ ಹಿಡಿದ್ರೆ ನ್ಯೂಟ್ರಲ್. ನಡುಗಡೇದು ರಿವರ್ಸ್. ಬಲಗಡೇದು ಬ್ರೇಕ್. ಆಕ್ಸಿಲೇಟರ್ ಎಲ್ಲಿ ಅಂದ್ರೆ ಸ್ಟೇರಿಂಗ್ ಕೆಳಗೆ ಒಂದು ಕಡ್ಡಿ, ಕೈಯಲ್ಲಿ. ಇವತ್ತಿನ ಘಟಾನುಘಟಿ ಡ್ರೈವರ್‌ನ ಅದರಲ್ಲಿ ಕೂರಿಸಿದ್ರೆ, ಬ್ರೇಕ್ ಅನ್ಕೊಂಡು ನಡುಗಡೇದು ತುಳಿದು ರಿವರ್ಸ್ ಹೋಗ್ತಾನೆ. ಪೆಟ್ರೋಲ್ ಟ್ಯಾಂಕಿಂದ ಇಂಜಿನ್‌ಗೆ ತಾನಾಗೇ ಇಳೀತಿತ್ತು, ಪಂಪ್ ಇಲ್ಲ, ಹಾಗಾಗಿ ಟ್ಯಾಂಕ್ ಅರ್ಧಂಬರ್ಧ ಇದ್ದಾಗ ಕಡಿದಾದ ಏರು ಬಂದ್ರೆ ಇಂಜಿನ್ ಮೇಲಾಗಿ ಟ್ಯಾಂಕ್ ಕೆಳಗಾಗಿ ಪೆಟ್ರೋಲ್ ನಿಂತೋಗೋದು, ಜನ ಏನ್ ಮಾಡ್ತಿದ್ರು ಗೊತ್ತಾ, ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಏರು ಹತ್ತೋರು. ಈ ಒಂದು ವಿಷಯ ಓದಿದಾಗ ನಂಗೆ ನಮ್ಮ ಬಿಳಿ ಗಾಡಿ ಮೇಲಿದ್ದ ಅಲ್ಪಸ್ವಲ್ಪ ಸಿಟ್ಟೂ ಹೋಯ್ತು.

ಪೆಟ್ರೋಲ್ ಮುಳ್ಳು ನಂಬಂಗಿಲ್ಲ ಅನ್ನೋದೂ ಎಲ್ಲರ ಮೊದಲನೇ ಕಾರಿನ ಪಲ್ಲವಿ. ನಮ್ಮದರಲ್ಲಿ ಅದು ಯಾವಾಗ್ಲೂ ಅರ್ಧ ತೋರಿಸ್ತಿತ್ತು, ಫುಲ್ ಇದ್ರೂ ಅರ್ಧ, ಖಾಲಿಯಾಗಿ ನಿಂತ್ರೂ ಅರ್ಧ, ಅಷ್ಟು ಆಶಾವಾದಿ. ಆದ್ರೆ ಹಳೇ ಫೋಕ್ಸ್‌ವ್ಯಾಗನ್ ಬೀಟಲ್‌ಗಳಲ್ಲಿ ಮುಳ್ಳೇ ಇರ್ಲಿಲ್ಲ, ಇಂಜಿನ್ ಮುಕ್ಕರಿಸೋಕೆ ಶುರು ಮಾಡಿದಾಗ ಕಾಲಡಿ ಇರೋ ಒಂದು ನಲ್ಲಿ ತಿರುಗಿಸಿ ರಿಸರ್ವ್‌ಗೆ ಹಾಕ್ಬೇಕು, ಹಿಂದಿನ ಸಲ ತಿರುಗಿಸಿ ವಾಪಸ್ ಹಾಕೋದು ಮರೆತಿದ್ರೆ ರಿಸರ್ವೂ ಮುಗಿದಿರುತ್ತೆ, ನಡ್ಕೊಂಡು ಹೋಗಿ. ಪೂರ್ವ ಜರ್ಮನಿಯ ಟ್ರಾಬಾಂಟ್‌ನವರು ಬಾನೆಟ್ ಎತ್ತಿ ಟ್ಯಾಂಕ್ ಒಳಗೆ ಕಡ್ಡಿ ಇಳಿಸಿ ಅಳೀತಿದ್ರು. ಆ ಕಾರಿಗೆ ಹೆಸರು ಬರೆಸಿ ಹತ್ತು ವರ್ಷಕ್ಕೂ ಮೇಲೆ ಕಾದೋರಿದ್ರು, ಅಷ್ಟು ಕಾದು ತಗೊಂಡು ಕಡ್ಡಿ ಇಳಿಸೋದು. ಬೈದ್ರು ಅನ್ಕೋಬೇಡಿ, ಇವತ್ತಿಗೂ ಅದನ್ನ ಮುದ್ದು ಮಾಡ್ಕೊಂಡು ಇಟ್ಕೊಂಡಿರೋರು ಇದಾರೆ. ಹೆತ್ತವರಿಗೆ ಹೆಗ್ಗಣ ಮುದ್ದು.

ಏರಿನ ಮಾತು ಬಂತಲ್ಲ, ನನ್ನ ಮೊದಲನೇ ಏರು ಹೇಳ್ಲೇಬೇಕು. ಮೂರನೇ ವಾರ ಇರ್ಬೇಕು, ಮಾವ ಬೇಕಂತಲೇ ಏರಿನ ಮಧ್ಯ ನಿಲ್ಲಿಸು ಅಂದ್ರು. ನಿಲ್ಲಿಸಿದೆ. ಈಗ ಹೊರಡು ಅಂದ್ರು. ಬ್ರೇಕ್ ಮೇಲಿಂದ ಕಾಲು ತೆಗೆದು ಆಕ್ಸಿಲೇಟರ್‌ಗೆ ಹೋಗೋಷ್ಟರಲ್ಲಿ ಗಾಡಿ ಹಿಂದಕ್ಕೆ ಜಾರೋಕೆ ಶುರು, ಗಾಬರೀಲಿ ಕ್ಲಚ್ ಬಿಟ್ಟೆ, ಆಫ್ ಆಯ್ತು, ಮತ್ತೆ ಕ್ಲಚ್ ಒತ್ತಿದೆ, ಮತ್ತೆ ಜಾರ್ತು, ಹಿಂದೆ ಯಾರದ್ದೋ ಹಾರನ್, ನಂಗೆ ಕೈಕಾಲು ಆಡ್ಲಿಲ್ಲ, ಹಿಂದಿನ ಬಂಪರ್ ಹೋಗಿ ಪಕ್ಕದ ಗೋಡೆಗೆ ಒರಗಿಕೊಂಡ್ತು. ಗುದ್ದಲಿಲ್ಲ, ಒರಗಿತು, ಸುಸ್ತಾದವರು ಒರಗೋ ಹಾಗೆ. ಮಾವ ಹ್ಯಾಂಡ್ ಬ್ರೇಕ್ ಎಳೆದು, ಇಳಿದು, ಗೋಡೆ ನೋಡಿ, ಹಿಂದಿನ ಗಾಡಿಯವರಿಗೆ ಹೋಗಿ ಅಂತ ಕೈ ಮಾಡಿ, ವಾಪಸ್ ಬಂದು ಕೂತು, ಈಗ ಹ್ಯಾಂಡ್ ಬ್ರೇಕ್ ಎಳೆದೇ ಇದೆ, ಇನ್ನೆಲ್ಲಿ ಜಾರುತ್ತೆ, ಹಾಫ್ ಕ್ಲಚ್‌ಗೆ ತಾ, ದನಿ ಇಳಿದ ಮೇಲೆ ಹ್ಯಾಂಡ್ ಬ್ರೇಕ್ ಬಿಡು ಅಂದ್ರು. ಆ ಗೋಡೆಯ ಸುಣ್ಣ ಬಂಪರ್ ಮೇಲೆ ಒಂದು ಗೆರೆ ಹಾಗೇ ಇತ್ತು ಕೊನೇ ತನಕ. ಒರೆಸಬಹುದಿತ್ತು, ಒರೆಸ್ಲಿಲ್ಲ.

ಆಮೇಲೆ ಕಣ್ಣಿನ ವಿಷಯ. ನಾನು ಬಾನೆಟ್ ತುದೀನೇ ನೋಡ್ತಾ ಓಡಿಸ್ತಿದ್ದೆ, ಗಾಡಿ ಹಾವಿನ ಥರ ಹೋಗ್ತಿತ್ತು, ಸ್ಟೇರಿಂಗ್ ಒಂದು ನಿಮಿಷ ಸುಮ್ನಿರ್ತಿರ್ಲಿಲ್ಲ. ದೂರ ನೋಡು ಅಂತ ಹೇಳಿ ಹೇಳಿ ಮಾವಂಗೆ ಸಾಕಾಯ್ತು. ಇದು ನಂದೊಬ್ಬಳದೇ ರೋಗ ಅಲ್ಲ ಅಂತ ಆಮೇಲೆ ಗೊತ್ತಾಯ್ತು, 1972ರಲ್ಲೇ ಮೌರಂಟ್ ಮತ್ತು ರಾಕ್‌ವೆಲ್ ಅನ್ನೋ ಇಬ್ರು ಸಂಶೋಧಕರು ಡ್ರೈವರ್‌ಗಳ ಕಣ್ಣು ಎಲ್ಲಿ ಓಡುತ್ತೆ ಅಂತ ರೆಕಾರ್ಡ್ ಮಾಡಿ ನೋಡಿದ್ರು, ಹೊಸಬರು ಗಾಡಿಗೆ ಹತ್ತಿರದ ರೋಡನ್ನೇ ನೋಡ್ತಾರೆ, ಕನ್ನಡಿ ಕಮ್ಮಿ ನೋಡ್ತಾರೆ, ಪಳಗಿದವರ ನೋಟ ದೂರಕ್ಕಿರುತ್ತೆ. ಮಾವ ಯಾವ ಸಂಶೋಧನೇನೂ ಓದಿದವರಲ್ಲ. ಒಂದು ದಿನ ಸಿಟ್ಟು ಬಂದು, ಬಾನೆಟ್ ಎಲ್ಲೂ ಓಡೋಗಲ್ಲ, ನಿನ್ನ ಜೊತೇನೇ ಬರುತ್ತೆ, ಬಿಡು ಅದನ್ನ ಅಂದ್ರು. ನಂಗೆ ನಗು ಬಂತು, ನಗ್ತಾ ತಲೆ ಎತ್ತಿದೆ, ದೂರದ ತಿರುವು ಕಾಣಿಸ್ತು, ಗಾಡಿ ನೆಟ್ಟಗಾಯ್ತು. ಒಂದೇ ಕ್ಷಣದಲ್ಲಿ ಕಲಿತಿದ್ದು ಅಂತ ಇದ್ರೆ ಅದೊಂದೇ, ಬಾಕಿ ಎಲ್ಲ ಗಾಣ ಸುತ್ತಿದ ಹಾಗೆ ಸುತ್ತಿ ಸುತ್ತಿ ಬಂದಿದ್ದು.

ಟೆಸ್ಟ್ ಬಗ್ಗೆ ಹೇಳೋಕೆ ಏನೂ ಇಲ್ಲ. ಪಾಸಾಯ್ತು.

ಹೇಳ್ಬೇಕಾದ್ದು ಮೊದಲನೇ ಸಲ ಒಬ್ಬಳೇ ಹೋಗಿದ್ದು. ಲೈಸೆನ್ಸ್ ಬಂದು ವಾರ ಆದ್ರೂ ಪಕ್ಕದಲ್ಲಿ ಯಾರಾದ್ರೂ ಬೇಕು ಅಂತಿದ್ದೆ. ಒಂದು ಬೆಳಿಗ್ಗೆ ಯಾರೂ ಇರ್ಲಿಲ್ಲ, ಕೆಲಸಕ್ಕೆ ಹೊತ್ತಾಗಿತ್ತು, ಕೀ ತಗೊಂಡು ಹೋಗಿ ಕೂತೆ. ಚೋಕ್ ಮುಕ್ಕಾಲು, ಎರಡು ತುಳಿತ, ಸೆಲ್ಫ್. ಹೊರಟ ಮೇಲೆ ಮೊದಲು ಗೊತ್ತಾಗಿದ್ದು ಗಾಡಿ ಹಗುರ ಆಗಿದೆ ಅಂತ. ಮಾವ ಧಡೂತಿ ಮನುಷ್ಯ, ಅಷ್ಟು ಸಣ್ಣ ಇಂಜಿನ್‌ಗೆ ಅವರ ತೂಕ ದೊಡ್ಡ ಲೆಕ್ಕ, ಅವರಿಲ್ಲದೆ ಗಾಡಿ ಕರು ಬಿಟ್ಟಂಗೆ ಓಡ್ತು, ಪಿಕಪ್ಪೇ ಬೇರೆ ಇತ್ತು. ಎರಡನೆಯದು ಸದ್ದು. ಪಕ್ಕದ ಸೀಟಿನ ಬೆಲ್ಟಿನ ಬಕಲ್ ಡೋರ್ ಪಕ್ಕದ ಕಂಬಕ್ಕೆ ಹೊಡ್ಕೊಂಡು ಟಕ್ ಟಕ್ ಅಂತಿತ್ತು, ಇಷ್ಟು ದಿನ ಮಾವ ಅದನ್ನ ಹಾಕ್ಕೊಂಡಿರ್ತಿದ್ರು, ಹಾಗಾಗಿ ಆ ಸದ್ದು ಈ ಗಾಡೀಲಿದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ಮೊದಲನೇ ಸಿಗ್ನಲ್‌ನಲ್ಲಿ ನಿಂತಾಗ ಕೈ ಚಾಚಿ ಖಾಲಿ ಸೀಟಿಗೆ ಬೆಲ್ಟ್ ಹಾಕಿದೆ. ಸದ್ದು ನಿಂತ್ತು. ಹಸಿರು ಬಿತ್ತು, ಹೊರಟೆ, ಫಸ್ಟ್, ಉಸಿರು, ಸೆಕೆಂಡ್.

ಇಷ್ಟೆಲ್ಲ ಆದ್ಮೇಲೆ ನಾನು ಡ್ರೈವಿಂಗ್ ಕಲಿತೆ ಅಂತಾನೇ ನಂಬಿದ್ದೆ. ಅದು ಸುಳ್ಳು ಅಂತ ಗೊತ್ತಾಗಿದ್ದು ಕ್ಲಚ್ ಪ್ಲೇಟ್ ಬದಲಾಯಿಸಿದ ದಿನ. ಪ್ಲೇಟ್ ಸವೆದಷ್ಟೂ ಕ್ಲಚ್ ಹಿಡಿಯೋ ಜಾಗ ಪೆಡಲ್‌ನ ಮೇಲ್ಮೇಲಕ್ಕೆ ಬರುತ್ತೆ, ನಾನು ಕಲಿಯೋ ಹೊತ್ತಿಗೇ ನಮ್ಮದು ಸವೆದು ಹೆಚ್ಚುಕಮ್ಮಿ ತುದೀಲಿ ಹಿಡೀತಿತ್ತು, ಕಾಲು ಅಷ್ಟು ದೂರ ಧೈರ್ಯವಾಗಿ ಎತ್ತಿಬಿಡೋದು ರೂಢಿಯಾಗಿತ್ತು. ಹೊಸ ಪ್ಲೇಟ್ ಹಾಕಿ ಮೆಕ್ಯಾನಿಕ್ ಕೀ ಕೊಟ್ಟ, ನಾನು ಗತ್ತಿನಿಂದ ಕೂತು ಯಾವಾಗಿನ ಹಾಗೆ ಕಾಲೆತ್ತಿದೆ, ನೆಲದಿಂದ ಇಷ್ಟಿಷ್ಟು ಎತ್ತೋಷ್ಟರಲ್ಲೇ ಹಿಡ್ಕೊಂಡು ಗಾಡಿ ಹಾರಿ ಆಫ್. ಮತ್ತೆ. ಮತ್ತೆ. ಆ ಗ್ಯಾರೇಜ್ ಗೇಟು ದಾಟೋಕೆ ನಾಲ್ಕು ಸಲ ಬೇಕಾಯ್ತು, ಅಲ್ಲಿದ್ದ ಸಣ್ಣ ಹುಡುಗ ಸ್ಪಾನರ್ ಹಿಡ್ಕೊಂಡು ನಿಂತು, ಮೇಡಂ ಹೊಸದಾಗಿ ಕಲೀತಿದೀರಾ ಅಂತ ಕೇಳ್ದ. ಎರಡು ವರ್ಷ ಓಡಿಸಿದ್ದೆ ಕಣಪ್ಪ ಅಂತ ಹೇಳೋಕೆ ಬಾಯಿ ಬರ್ಲಿಲ್ಲ. ರಿಪೇರಿ ಆಗಿದ್ದು ಗಾಡಿ, ಕೆಟ್ಟಿದ್ದು ನಾನು. ಅಂದ್ರೆ ನಾನು ಕಾರು ಓಡಿಸೋದು ಕಲಿತಿರ್ಲಿಲ್ಲ, ಆ ಒಂದು ಕಾರಿನ ಸವೆತಗಳನ್ನ ಕಲಿತಿದ್ದೆ. ಮೊನ್ನೆ ಸ್ನೇಹಿತರೆಲ್ಲ ಊನಗಳನ್ನೇ ಯಾಕೆ ಹೇಳಿದ್ರು ಅನ್ನೋದಕ್ಕೆ ನಂಗೆ ಹೊಳೆಯೋ ಉತ್ತರ ಇದೇ. ಚೆನ್ನಾಗಿದ್ದ ಭಾಗದಲ್ಲಿ ನಮಗೇನು ಕೆಲಸ ಇತ್ತು? ಎಲ್ಲಿ ಕೆಟ್ಟಿತ್ತೋ ಅಲ್ಲೇ ನಮ್ಮ ಕೈಕಾಲು ಹೋಗಿ ಸೇರ್ಕೊಂಡಿದ್ದು.

ಮೊಟ್ಟಮೊದಲ ದೂರದ ಪ್ರಯಾಣದ ಕತೆ ನೋಡಿ, ಅದೂ ಹಾಗೇ ಇದೆ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಜ್ ತನ್ನ ಇಬ್ರು ಮಕ್ಕಳನ್ನ ಕರ್ಕೊಂಡು, ಗಂಡ ಕಾರ್ಲ್ ಬೆಂಜ್‌ಗೆ ಹೇಳದೆ, ಅವನು ಮಾಡಿದ ಮೂರು ಚಕ್ರದ ಗಾಡೀಲಿ ಮ್ಯಾನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ತವರುಮನೆಗೆ ಹೊರಟ್ಳು, ನೂರು ಕಿಲೋಮೀಟರ್‌ಗೂ ಜಾಸ್ತಿ. ಗಾಡಿ ಎಷ್ಟು ಸ್ಪೀಡ್ ಹೋಯ್ತು ಅಂತ ಯಾರಿಗೆ ಬೇಕು, ಜನ ಇವತ್ತಿಗೂ ಹೇಳೋದು ಪೆಟ್ರೋಲ್ ಪೈಪ್ ಕಟ್ಟಿಕೊಂಡಾಗ ಟೋಪಿ ಪಿನ್ನಿಂದ ಚುಚ್ಚಿ ತೆಗೆದ್ಳು, ವೈರ್ ತಗಲ್ತಿದ್ದಾಗ ಕಾಲ್ಚೀಲದ ಪಟ್ಟಿ ಸುತ್ತಿದ್ಳು, ಇಂಧನ ಮುಗಿದಾಗ ವೀಸ್‌ಲೋಕ್‌ನ ಔಷಧಿ ಅಂಗಡೀಲಿ ಲಿಗ್ರೋಯಿನ್ ಅನ್ನೋ ಪೆಟ್ರೋಲ್ ಥರದ ದ್ರವ ಕೊಂಡ್ಳು, ಮರದ ಬ್ರೇಕ್ ಸವೆದಾಗ ಚಪ್ಪಲಿ ಹೊಲಿಯೋರ ಹತ್ರ ಚರ್ಮ ಹೊಡೆಸಿದ್ಳು, ಏರಿನಲ್ಲಿ ಮಕ್ಕಳು ಇಳಿದು ತಳ್ಳಿದ್ರು ಅಂತಲೇ. ವಾಪಸ್ ಬಂದು ಗಂಡನಿಗೆ ಹೇಳಿದ್ದು, ಏರು ಹತ್ತೋಕೆ ಇನ್ನೊಂದು ಗೇರು ಬೇಕು ಅಂತ. ಪ್ರಪಂಚದ ಮೊದಲನೇ ಕಾರಿನ ಮೊದಲನೇ ದೂರದ ಡ್ರೈವರ್, ಹೇಳ್ಕೊಂಡಿದ್ದು ಊನಗಳ ಪಟ್ಟಿ. ನಾವೆಲ್ಲ ಆ ವಂಶದವರೇ.

ಹಾಗಂತ ಹಳೇ ಕಾರೇ ಚೆಂದ ಅಂತ ನಾನು ಹೇಳ್ತಿಲ್ಲ, ಆ ಮಾತು ಹೇಳೋರನ್ನ ಕಂಡ್ರೆ ನಂಗೆ ಆಗಲ್ಲ. ಆ ಗಾಡೀಲಿ ಏರ್‌ಬ್ಯಾಗ್ ಇರ್ಲಿಲ್ಲ, ಚಕ್ರ ಲಾಕ್ ಆಗದಂಗೆ ನೋಡ್ಕೊಳ್ಳೋ ಎಬಿಎಸ್ ಇರ್ಲಿಲ್ಲ, ಮಳೇಲಿ ಜೋರಾಗಿ ಬ್ರೇಕ್ ಒತ್ತಿದ್ರೆ ಚಕ್ರ ಲಾಕ್ ಆಗಿ ಸ್ಟೇರಿಂಗ್ ತಿರುಗಿಸಿದ್ರೂ ಗಾಡಿ ನೆಟ್ಟಗೆ ಜಾರ್ಕೊಂಡು ಹೋಗ್ತಿತ್ತು. ಸ್ಪೀಡ್ ಎರಡು ಪಟ್ಟಾದ್ರೆ ಬ್ರೇಕ್ ಹಾಕಿ ನಿಲ್ಲೋ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟು, ಇದು ನಂಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ, ಒಂದು ಲಾರಿಯ ಹಿಂಬದಿ ಗೇಣುದ್ದ ದೂರದಲ್ಲಿ ಬಂದು ನಿಂತಾಗ ಗೊತ್ತಾಗಿದ್ದು, ಜೀವ ಬಾಯಿಗೆ ಬಂದಿತ್ತು. ಅವತ್ತು ಹೆಚ್ಚುಕಮ್ಮಿ ಆಗಿದ್ರೆ ಈ ನೆನಪು ಬರೆಯೋಕೆ ನಾನಿರ್ತಿರ್ಲಿಲ್ಲ.

ಈಗ ಮಗಳು ಕಲೀತಿದಾಳೆ. ಅವಳಿಗೆ ಚೋಕ್ ಅಂದ್ರೇನು ಗೊತ್ತಿಲ್ಲ, ಬಟನ್ ಒತ್ತಿದ್ರೆ ಸ್ಟಾರ್ಟ್. ಏರಿನಲ್ಲಿ ಬ್ರೇಕ್ ಬಿಟ್ರೂ ಒಂದೆರಡು ಸೆಕೆಂಡು ಗಾಡಿ ತಾನೇ ಹಿಡ್ಕೊಂಡಿರುತ್ತೆ, ಗೋಡೆಗೆ ಒರಗೋ ಯೋಗ ಅವಳಿಗಿಲ್ಲ. ಅದರಿಂದ ಅವಳಿಗೇನೂ ನಷ್ಟ ಆಗಿದೆ ಅಂತ ನಂಗೆ ಕಾಣಲ್ಲ, ನಾನು ಮೂರು ವಾರ ಗಾಡಿ ಜೊತೆ ಗುದ್ದಾಡಿದ್ದನ್ನ ಅವಳು ಮೂರು ದಿನಕ್ಕೆ ಮುಗಿಸಿ ರೋಡ್ ನೋಡೋಕೆ ಶುರು ಮಾಡಿದ್ಳು, ಕನ್ನಡಿ ನನಗಿಂತ ಚೆನ್ನಾಗಿ ನೋಡ್ತಾಳೆ. ಕ್ಲಚ್ ಮಾತ್ರ ಇನ್ನೂ ಇದೆ. ಮೊದಲನೇ ದಿನ ಕೇಳಿದ್ಳು, ಎಷ್ಟು ಬಿಡ್ಬೇಕಮ್ಮ? ನಾನು ಬಾಯಿ ತೆಗೆದೆ, ಮಾತೇ ಬರ್ಲಿಲ್ಲ. ಸ್ವಲ್ಪ ಅಂದೆ. ಸ್ವಲ್ಪ ಅಂದ್ರೆ ಎಷ್ಟು ಅಂದ್ಳು. ಕೊನೆಗೆ ಇಬ್ರೂ ಸೀಟು ಬದಲಾಯಿಸಿಕೊಂಡು, ನಾನು ಗಾಡಿ ಹೊರಡಿಸಿ, ನನ್ನ ಕಾಲನ್ನ ನಾನೇ ಬಗ್ಗಿ ನೋಡ್ದೆ, ಇದೇನ್ ಮಾಡ್ತಿದೆ ಅಂತ. ಅದು ಒಂದು ಕಡೆ ನಿಲ್ತಿತ್ತು, ಕಾಣದಷ್ಟು ಸಣ್ಣಕ್ಕೆ, ಯಾರನ್ನೂ ಕೇಳದೆ. ನೋಡೋಕೆ ಶುರು ಮಾಡಿದ ತಕ್ಷಣ ತಪ್ಪಿ ಆಫ್ ಆಯ್ತು. ಮಗಳು ಬಿದ್ದು ಬಿದ್ದು ನಕ್ಕಳು.

ನಾನೂ ನಕ್ಕೆ, ಆದ್ರೆ ಇದು ನಂಗೆ ಮುಂಚೆ ಒಂದು ಸಲ ಆಗಿತ್ತು, ಆ ಬಿಳಿ ಗಾಡಿ ಮಾರಿದ ದಿನ. ತಗೊಳ್ಳೋಕೆ ಬಂದಿದ್ದವನು ಚಿಕ್ಕ ವಯಸ್ಸಿನ ಹುಡುಗ, ಅವನಿಗೂ ಅದು ಮೊದಲನೇ ಕಾರು, ಸುತ್ತ ನಾಲ್ಕು ಸಲ ನಡೆದು ಟೈರ್ ಒದ್ದು ನೋಡ್ದ, ಟೈರ್ ಒದ್ರೆ ಏನು ಗೊತ್ತಾಗುತ್ತೋ ನಂಗೆ ಇವತ್ತಿಗೂ ಅರ್ಥ ಆಗಿಲ್ಲ. ಕೀ ಕೊಡೋ ಮುಂಚೆ ಎಲ್ಲಾ ಹೇಳ್ಬೇಕು ಅಂತ ಹಿಂದಿನ ರಾತ್ರೀನೇ ಒಂದು ಚೀಟಿ ಬರೆದಿಟ್ಟಿದ್ದೆ. ಕಿಟಕಿಯಿಂದ ತಲೆ ಒಳಗೆ ಹಾಕಿ ಒಂದೊಂದೇ ಹೇಳ್ದೆ, ಚೋಕ್ ಮುಕ್ಕಾಲು, ಎರಡು ತುಳಿತ, ಪೆಟ್ರೋಲ್ ಮುಳ್ಳು ನಂಬ್ಬೇಡ, ಹಿಂದಿನ ಡೋರ್ ಎರಡು ಸಲ ಹಾಕ್ಬೇಕು, ಮಳೇಲಿ ಬ್ರೇಕ್ ಮೆಲ್ಲಗೆ, ಒಬ್ಬನೇ ಇದ್ರೆ ಆ ಕಡೆ ಬೆಲ್ಟ್ ಹಾಕ್ಬಿಡು. ಅವನು ಹೂಂ ಹೂಂ ಅಂತ ತಲೆ ಆಡಿಸ್ದ, ಅವನ ಕಣ್ಣೆಲ್ಲ ಸ್ಟೇರಿಂಗ್ ಮೇಲೇ ಇತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು. ಕಪ್ಪೆ ಹಾರಲಿಲ್ಲ, ಚೆನ್ನಾಗೇ ಹೊರಟ, ಬಂಪರ್ ಮೇಲಿನ ಸುಣ್ಣದ ಗೆರೆ ದೂರ ಆಗ್ತಾ ಹೋಯ್ತು. ನಾನು ಗೇಟ್ ಹತ್ರ ನಿಂತಿದ್ದೆ, ಕೈಯಲ್ಲಿ ಚೀಟಿ.

ಮೂಲೆ ತಿರುಗೋ ಮುಂಚೆ ಇಂಜಿನ್ ಕಿರುಚಿತು, ಈಗ ಬದಲಾಯಿಸ್ತಾನೆ ಅನ್ಕೊಂಡೆ, ಆವಾಗ್ಲೇ ಕೇಳಿಸ್ತು, ಕರ್ರ್ ಅಂತ. ಚೀಟಿ ನೋಡ್ದೆ. ಸೆಕೆಂಡ್ ಗೇರಿನ ವಿಷಯ ಬರೆದೇ ಇರ್ಲಿಲ್ಲ. ಗೇಟಿನ ಹತ್ರ, ಚಪ್ಪಲಿ ಹಾಕಿದ ನನ್ನ ಎಡಗಾಲು ನೆಲನ ಗಟ್ಟಿಯಾಗಿ ಒತ್ಕೊಂಡು ನಿಂತಿತ್ತು.